ಮೊದಲ ಹಾರೆ

"ಅಂಗಿ ತೆಗಿ," ಎಂದರು ಡಾಕ್ಟರ್ ಶಹಾಬುದ್ದೀನ. ಅಮೃತಪ್ಪನ ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ಬಡಿದು ನೋಡಿದರು.

ಶಹಾಬಾದಿನ ಕಲ್ಲುಗಣಿಯಲ್ಲಿ ಇಪ್ಪತ್ತು ವರ್ಷ ಬಂಡೆ ಬಡಿದು ಒಳಗಿನ ಬಿರುಕು ಹೇಳಿದವನು ಅಮೃತಪ್ಪ. ಎದೆಯಿಂದ ಬಂದ ಮಂಕು ಸದ್ದಿನ ಅರ್ಥವನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಾಲ್ಕು ಹೆಜ್ಜೆಗೇ ಏದುಸಿರು, ಕಾಲಿಗೆ ಬಾವು. ತಮ್ಮನ ಹೆಂಡತಿ ಮರೆಮ್ಮ ವಾಡಿಯಲ್ಲಿದ್ದ ನಿಜಾಮ ಸರ್ಕಾರದ ದವಾಖಾನೆಗೆ ಅವನನ್ನು ಕರೆತಂದಿದ್ದಳು. ಕರೆತಂದಳೇ ಹೊರತು ದಾರಿಯುದ್ದಕ್ಕೂ ತುಟಿ ಬಿಚ್ಚಿರಲಿಲ್ಲ. ಅವಳು ಅವನೊಂದಿಗೆ ಮಾತು ಬಿಟ್ಟು ವರ್ಷವಾಗಿತ್ತು.

"ಹಿಂದ ಯಾವಾಗರೆ ಮೈಯೆಲ್ಲ ಬೆವತು ದವಡಿ ಹಿಡಿದಿತ್ತೇನು?"

"ಹೌದ್ರಿ ಸಾಹೇಬ್ರ. ನಮ್ಮ ಹಣಮಪ್ಪ ಸತ್ತ ದಿನ."

"ಎದಿ ನೋವು?"

"ಇಲ್ರಿ. ಕೈಯಾಗ ಜೀವ ಇದ್ದಿಲ್ಲ, ಅಷ್ಟ."

ವರ್ಷದ ಹಿಂದೆ ಆ ದಿನ, ಅಮೃತಪ್ಪ ಬಡಿದು ನೋಡಿದ್ದ ಬಂಡೆ ತಮ್ಮ ಹಣಮಪ್ಪನ ಮೇಲೆ ಕುಸಿದಿತ್ತು. ಬಂಡೆ ಬಡಿದು ನೋಡಿದವನೇ ಮೊದಲ ಹಾರೆ ಹಾಕಬೇಕೆಂಬುದು ಗಣಿಯ ಕಟ್ಟಳೆ. ಎಲ್ಲಿ ಮೀಟಿದರೆ ಏಳುತ್ತದೆ, ಎಲ್ಲಿ ಮೀಟಿದರೆ ಜಾರುತ್ತದೆ ಎಂದು ಬಲ್ಲವನು ಅವನೇ. ಅಲ್ಲಿಯವರೆಗೆ ಬೇರೆಯವರು ಕೈ ಹಚ್ಚುವಂತಿಲ್ಲ. ಹತ್ತು ಮಂದಿ ಹಾರೆ ಹಿಡಿದು ಕಾದು ನಿಂತರು. "ಅಣ್ಣಾ, ಹಾರಿ ಹಾಕೋ!" ಎಂದು ಕೆಳಗಿನಿಂದ ಹಣಮಪ್ಪ ಕೂಗುತ್ತಲೇ ಇದ್ದ. ಅಮೃತಪ್ಪ ಬೆವೆತು ತೊಯ್ದು ಕಲ್ಲಿನ ಮೇಲೆ ಕುಳಿತೇ ಇದ್ದ. ಕೂಗು ನಿಂತ ಮೇಲೆ ಮಂದಿ ಕಟ್ಟಳೆ ಮುರಿದು ತಾವೇ ಹಾರೆ ಹಾಕಿದರು. ಅಣ್ಣ ಅಂಜಿ ಕುಳಿತ ಎಂದು ಊರೆಲ್ಲ ಆಡಿಕೊಂಡಿತು. ಅಮೃತಪ್ಪನೂ ಹಾಗೆಯೇ ನಂಬಿ, ತನ್ನ ಮುಖ ತಾನೇ ನೋಡಿಕೊಳ್ಳಲು ಹೇಸುತ್ತಿದ್ದ.

"ಕೆಲವರಿಗಿ ನೋವೇ ಆಗಲ್ಲ," ಎಂದರು ಡಾಕ್ಟರು. "ನಿನ್ನ ದಿಲ್‌ಗೆ ಅವತ್ತೇ ಪೆಟ್ಟು ಬಿದ್ದದ. ಆರು ವಾರ ಹಾಸಿಗಿ ಬಿಟ್ಟು ಏಳಬ್ಯಾಡ. ದಿನಾ ನೀರಾಗ ಈ ದವಾ ಹತ್ತು ಹನಿ. ಏಳೋದು, ಎತ್ತೋದು ಮಾಡಿದರ ಜೀವ ಹೋಗ್ತದ."

ಬಾಗಿಲಲ್ಲಿ ನಿಂತಿದ್ದ ಮರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮರುದಿನ ಮಧ್ಯಾಹ್ನ ಅಮೃತಪ್ಪ ಮನೆಯಲ್ಲಿ ಮಲಗಿದ್ದ. ಗಣಿಯ ಸುತ್ತಿಗೆಯ ಪೆಟ್ಟು ನೆಲದ ಹಾಸುಗಲ್ಲಿನೊಳಗಿಂದ ಬೆನ್ನಿಗೆ ತಾಕುತ್ತಿತ್ತು. ಸುತ್ತಿಗೆ ನಿಂತಾಗಲೆಲ್ಲ ಅದೇ ಕೂಗು. ಡಾಕ್ಟರು ಹೇಳಿದ್ದು ತನಗೆ ತಿಳಿಯಿತು, ಹಣಮಪ್ಪನಿಗೆ ಯಾರು ಹೇಳಬೇಕು? ಅವನು ಮೊಣಕೈ ಊರಿ ಏಳಹೋದ.

"ಏಳಬ್ಯಾಡ್ರಿ, ಭಾವ."

ವರ್ಷದ ಮೇಲೆ ಮರೆಮ್ಮನ ಮೊದಲ ಮಾತು.

"ಕರಿಯಾಕತ್ತಾನ, ಮರೆಮ್ಮ."

"ನನಗೂ ಕೇಳ್ತದ್ರಿ."

ಹಾರೆ ಹಿಡಿದವನ ಹಾಗೆ ಅವನ ಬಲಗೈ ಹೊದಿಕೆಯ ಮೇಲೆ ಬಿಗಿದುಕೊಂಡಿತ್ತು. ಮರೆಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹತ್ತು ಹನಿ ಹಾಕಿದ ನೀರಿನ ಲೋಟವನ್ನು ಹಿಡಿಸಿದಳು.