ಅಕ್ಕನ ಏಳು ಬೂದುಬಣ್ಣ

೧
ಎಲ್ಲಿಂದ ಶುರು ಮಾಡಲಿ? ‘ಅಂತರಿಕ್ಷದ ಕೊನೆಯಿಲ್ಲದ ಕತ್ತಲಲ್ಲಿ’ ಎಂದು ಬರೆದೆ, ಹೊಡೆದುಹಾಕಿದೆ. ಕಥೆ ನಡೆಯುವುದು ಹಲ್ಲಿನ ಸೆಟ್ ಮಾಡುವವನೊಬ್ಬನ ಕೋಣೆಯಲ್ಲಿ. ಅಲ್ಲಿ ಅಂತರಿಕ್ಷವಿಲ್ಲ, ಪ್ಲಾಸ್ಟರ್ ಪುಡಿಯಿದೆ. ಗಂಟೆ ನಾಲ್ಕೂವರೆ. ಐದಕ್ಕೆ ಅವನ ಅಕ್ಕ ಬರುತ್ತಾಳೆ. ಅವನು ಬೆವರುತ್ತಿದ್ದಾನೆ. (ನಾನೂ.)

೨
ಮೇಜಿನ ಮೇಲೊಂದು ಆಟಿಕೆ ನೌಕೆ: ಹಳದಿ ಮೈ, ನೀಲಿ ಪಟ್ಟಿ. ಅವನಿಗೆ ಎಂಟು ವರ್ಷ, ಅಕ್ಕನಿಗೆ ಹನ್ನೊಂದು ಇದ್ದಾಗ ಭಾನುವಾರ ಟೀವಿಯಲ್ಲಿ ಬರುತ್ತಿದ್ದ ಧಾರಾವಾಹಿಯ ಅಂತರಿಕ್ಷ ನೌಕೆ ಅದು. ಪೌಡರ್ ಡಬ್ಬಿ, ಪೆನ್ನಿನ ಮುಚ್ಚಳ, ಕೆಟ್ಟ ಟಾರ್ಚಿನ ಗಾಜು ಸೇರಿಸಿ ಕಟ್ಟಿದವಳು ಅಕ್ಕ. ಅಂಟು ಆರುವ ತನಕ ಉಸಿರು ಬಿಗಿಹಿಡಿದು ಒತ್ತಿಕೊಂಡು ಕೂತವನು ಅವನು.

ಮನೆಯಲ್ಲಿದ್ದದ್ದು ಕಪ್ಪುಬಿಳುಪು ಟೀವಿ. ಅಕ್ಕ ಕಪ್ಪಿಗೆ ಬಿಳಿ ಬೆರೆಸಿ ಟೀವಿಯ ಗಾಜಿಗೇ ಒಂದು ಚುಕ್ಕೆ ಹಚ್ಚಿ ಕಾಯುತ್ತಿದ್ದಳು. ಗಾಜಿನ ಹಿಂದೆ ನೌಕೆ ಹಾಯುವಾಗ ಚುಕ್ಕೆ ಅದರಲ್ಲಿ ಕರಗಿಹೋದರೆ ಬಣ್ಣ ಸರಿ. ಹೀಗೆ ಆಟಿಕೆಗೆ ಬಳಿದದ್ದು ಏಳು ಬೂದು. ಒಂದೊಂದಕ್ಕೂ ಒಂದೊಂದು ಭಾನುವಾರ, ಅಪ್ಪನ ಕೈಯಲ್ಲಿ ಒಂದೊಂದು ಸಲ ಕಿವಿ ಹಿಂಡಿಸಿಕೊಂಡದ್ದು.

೩
ಕಳೆದ ವಾರ ಧಾರಾವಾಹಿಯ ಅದೇ ನೌಕೆಯ ಕಲರ್ ಫೋಟೋ ಅವನ ಕಣ್ಣಿಗೆ ಬಿತ್ತು. ಹಳದಿ! ಹಲ್ಲಿನ ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ಅನ್ನ ಸೇರದ ಮನುಷ್ಯ. ಅಕ್ಕನಿಗೆ ಖುಷಿಯಾಗುತ್ತದೆಂದು ಮೂರು ಕೋಟ್ ಬಳಿದುಬಿಟ್ಟ. ನಿನ್ನೆ ಅವಳ ಫೋನ್.

“ನಾಳೆ ಬಂದು ತಗೊಂಡು ಹೋಗ್ತೀನೋ. ನನ್ನ ಬೂದು ಎಲ್ಲ ಹಾಗೇ ಇದೆ ತಾನೆ?”

“ಹಾಗೇ ಇದೆ ಅಕ್ಕಾ.”

೪
ಒಂದು ಅಂತ್ಯ: ಹಳದಿಯನ್ನು ಕೆರೆದು ತೆಗೆಯುತ್ತಾನೆ. (ಬರೆದು ನೋಡಿದೆ. ಉಗುರಿನಷ್ಟು ಕೆರೆಯುವಷ್ಟರಲ್ಲಿ ಬೂದೂ ಜೊತೆಗೇ ಎದ್ದುಬಂತು. ಅಲ್ಲಿಗೇ ನಿಲ್ಲಿಸಿದ.)

ಇನ್ನೊಂದು: ನೌಕೆಯನ್ನು ಒಡೆದು, ಬೆಕ್ಕು ಕೆಡವಿತು ಎನ್ನುತ್ತಾನೆ.

“ನನ್ನ ಹತ್ರ ಬೆಕ್ಕಿಲ್ಲ ಸಾರ್,” ಎಂದ ಅವನು.

“ತಂದುಕೊಡ್ತೀನಿ. ಒಂದು ಸಾಲಿನ ಕೆಲಸ,” ಎಂದೆ.

“ನಿಮಗೇನು, ಹಾಳೆ ಹರಿದರೆ ಆಯ್ತು. ನಾಳೆಯಿಂದ ಅಕ್ಕ ಮಾತು ಬಿಟ್ರೆ?”

ಪಾತ್ರವನ್ನು ಸಂಕಟಕ್ಕೆ ತಳ್ಳಿ ಎಂದು ಕಥೆ ಬರೆಯುವ ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೇಲೆತ್ತುವುದು ಹೇಗೆಂದು ಕೇಳುವಷ್ಟರಲ್ಲಿ ಕೋರ್ಸ್ ಮುಗಿದಿತ್ತು.

೫
ಅಕ್ಕ ಹತ್ತು ನಿಮಿಷ ಮುಂಚೆಯೇ ಬಂದಳು. (ನಾನು ಕರೆಸಿದ್ದಲ್ಲ.) ನೌಕೆ ಎತ್ತಿಕೊಂಡು, ಕೆರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

“ಯಾರೋ ಬಳಿದಿದ್ದು ಇದನ್ನ?”

ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

“ನಾನೇ ಅಕ್ಕಾ. ನಿನ್ನೆ ಸುಳ್ಳು ಹೇಳಿದೆ.”

ಅವಳಿಗೆಂದು ಐದು ಉತ್ತರ ಬರೆದು ನಾಲ್ಕನ್ನು ಹೊಡೆದುಹಾಕಿದ್ದೆ. ಉಳಿದ ಒಂದನ್ನು ಅವಳ ಬಾಯಿಗಿಡುವ ಮೊದಲೇ ಅವಳು ನನ್ನ ಕಡೆ ತಿರುಗಿದಳು.

“ನೀವು ಸ್ವಲ್ಪ ಹೊರಗಿರಿ. ಇದು ಅಕ್ಕ ತಮ್ಮನ ಮಾತು.”

ಚಿಲಕ ಬಿತ್ತು. ನಾಚಿಕೆ ಬಿಟ್ಟು ಬಾಗಿಲಿಗೆ ಕಿವಿ ಕೊಟ್ಟೆ. ಸ್ಟೂಲ್ ಎಳೆದ ಸದ್ದು. ಆಮೇಲೆ ಯಾರೋ ಮೂಗು ಎಳೆದುಕೊಂಡರು. ಅಳುವೋ, ನಗು ತಡೆದದ್ದೋ, ಅಕ್ಕನೋ, ತಮ್ಮನೋ?

ನೀವು ಬೇಕಾದರೆ ಬಾಗಿಲು ತಟ್ಟಿ ಕೇಳಿ. ನನಗೆ ಧೈರ್ಯ ಸಾಲದು.