ರೂಜಿತ್ಸಾಳ ಹಲ್ಲುನೋವು

ಹಲ್ಲುನೋವು ಅಂತ ರಜೆ ಕೇಳಿದ್ದೇ ರೂಜಿತ್ಸಾ ಮಾಡಿದ ತಪ್ಪು. ಬೇರೆ ಕಡೆಯಾಗಿದ್ದರೆ ಒಂದು ಚೀಟಿ ಕೊಟ್ಟು ಹೊರಡಬಹುದಿತ್ತು. ಆದರೆ ಇದು ವಿತೋಮಿರ್ ಮನೆಯವರ ಅಯ್ವರ್ ಕಾರ್ಖಾನೆ. ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸುಲಿದು, ಅರೆದು, ಕೈಸೋಲುವವರೆಗೆ ಕಡಾಯಿಯಲ್ಲಿ ತಿರುವಿ ಅಯ್ವರ್ ಎಂಬ ಗೊಜ್ಜು ಮಾಡುವ ಜಾಗ. ಹನ್ನೆರಡು ವರ್ಷದಿಂದ ಕಡಾಯಿ ರೂಜಿತ್ಸಾಳದೇ. ಸೆಪ್ಟೆಂಬರ್ ಬಂತೆಂದರೆ ಭಾನುವಾರವೂ ಬಿಡುವಿಲ್ಲ. ಕೇಳಿದರೆ "ನೀನೂ ಮನೆಯವಳೇ ಅಲ್ವಾ!" ಅನ್ನುವ ಉತ್ತರ ಸಿದ್ಧ. ಸಾಕಾಗಿ ಅವಳು ನೀಶ್ ಪಟ್ಟಣದ ದೊಡ್ಡ ಕಾರ್ಖಾನೆಗೆ ಅರ್ಜಿ ಹಾಕಿದ್ದಳು. ಬುಧವಾರ ಹನ್ನೊಂದಕ್ಕೆ ಸಂದರ್ಶನಕ್ಕೆ ಬಾ ಅಂದಿದ್ದರು.

"ಯಾವ ಹಲ್ಲು?" ಯಜಮಾನ ವಿತೋಮಿರ್‌ನ ತಾಯಿ ಯೆವ್ರೋಸಿಮಾ ಅಜ್ಜಿ ಸಿಪ್ಪೆ ಸುಲಿಯುತ್ತಲೇ ಕೇಳಿದಳು.

"ಬಲಗಡೇದು, ಅಜ್ಜಿ."

"ಪ್ಲಮ್ ಸಾರಾಯಿ ಬಾಯಲ್ಲಿ ಇಟ್ಕೋ, ನುಂಗ್ಬೇಡ. ಆಮೇಲೆ ನುಂಗು."

ವಿತೋಮಿರ್ ಅಷ್ಟಕ್ಕೇ ಬಿಡುವವನೇ? "ನೀಶ್‌ನಲ್ಲಿ ನನ್ನ ಹೆಂಡ್ತಿ ತಂಗಿ ಹಲ್ಲಿನ ಡಾಕ್ಟ್ರು. ನಾನೇ ಕರ್ಕೊಂಡು ಹೋಗ್ತೀನಿ."

"ಬೇಡ ಧಣಿ, ಬಸ್ಸಿದೆ..."

"ನೋವಿಟ್ಕೊಂಡು ಬಸ್ಸಾ? ನಾವೇನು ಹೊರಗಿನೋರಾ?"

ಬುಧವಾರ ಹತ್ತಕ್ಕೆ ರೂಜಿತ್ಸಾ ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ್ದಳು. ದೇವರ ಆಟ ನೋಡಿ, ಬಲಗಡೆ ನಿಜಕ್ಕೂ ಒಂದು ಹುಳುಕು ಹಲ್ಲು! ಸೂಜಿ ಚುಚ್ಚಿ, ಕೊರೆದು, ತುಂಬಿಸಿಕೊಂಡು ಏಳುವಾಗ ಅರ್ಧ ಮುಖ ಅವಳದಾಗಿರಲಿಲ್ಲ.

ಕಾರು ಊರಿನ ಕಡೆ ತಿರುಗಲಿಲ್ಲ. ಆ ದೊಡ್ಡ ಕಾರ್ಖಾನೆಯ ಗೇಟಿಗೇ ಹೋಗಿ ನಿಂತಿತು.

"ಇಳಿ. ಹನ್ನೊಂದಕ್ಕಲ್ವಾ?" ಅಂದ ವಿತೋಮಿರ್.

ಅವಳ ಉಳಿದರ್ಧ ಮುಖವೂ ಮರಗಟ್ಟಿತು.

"ಇಲ್ಲಿನ ಮ್ಯಾನೇಜರ್ ನನ್ನ ಮದುವೆಗೆ ಸಾಕ್ಷಿ ನಿಂತೋನು ಕಣೇ, ಒಡಹುಟ್ಟಿದೋನಿದ್ದಂಗೆ. ನೀನು ಹೆಂಗೆ ಅಂತ ಮೊನ್ನೆ ಫೋನ್ ಮಾಡಿ ಕೇಳ್ದ. ಸೋಮಾರಿ ಅನ್ನೋಣ ಅಂತ ನಾಲಿಗೆ ತುದಿವರೆಗೂ ಬಂತು. ಸಾಕ್ಷಿ ನಿಂತೋನಿಗೆ ಸುಳ್ಳು ಹೇಳಿದ್ರೆ ಮನೆ ಉದ್ಧಾರ ಆಗುತ್ತಾ? ಜಗಳಗಂಟಿ ಅಂದೆ. ಆದ್ರೆ ಅವಳು ರುಚಿ ನೋಡಿ ಕಡಾಯಿ ಇಳಿಸಿ ಅಂದ್ರೆ ಇಳಿಸ್ಲೇಬೇಕು, ಅಂದೆ."

ಒಳಗೆ ಜೊಲ್ಲು ಒರೆಸಿಕೊಳ್ಳುತ್ತಲೇ ರೂಜಿತ್ಸಾ ಎಲ್ಲ ನೋಡಿದಳು. ಫಳಫಳ ಹೊಳೆಯುವ ಯಂತ್ರ ತಾನೇ ತಿರುವುತ್ತಿತ್ತು, ಗಂಟೆ ಬಾರಿಸಿ ತಾನೇ ನಿಲ್ಲುತ್ತಿತ್ತು.

"ರುಚಿ ನೋಡೋರು ಯಾರು?"

"ಯಾರೂ ಬೇಡ. ನೀವು ಗುಂಡಿ ಒತ್ತಿದ್ರೆ ಸಾಕು" ಎಂದ ಮ್ಯಾನೇಜರ್, ಕೆಲಸದ ಕಾಗದವನ್ನೂ ಕೈಗಿತ್ತ.

ಅದನ್ನು ತಂದು, ಕಾರಿನಲ್ಲಿ ಕಾಯುತ್ತಿದ್ದ ವಿತೋಮಿರ್‌ನ ತೊಡೆಯ ಮೇಲೆ ಹಾಕಿದಳು. "ಇಲ್ಲಿ ಭಾನುವಾರ ರಜೆ ಅಂತ ಬರ್ದಿದೆ. ಅಲ್ಲೂ ನಂಗೆ ಬೇಕು. ಬರ್ದು ಕೊಡಿ, ಇಲ್ದಿದ್ರೆ ಸೋಮವಾರದಿಂದ ಇಲ್ಲೇ."

"ಮನೆಯವರ ಮಧ್ಯೆ ಕಾಗದ ಯಾತಕ್ಕೆ?"

"ಮನೆಯವರು ಅನ್ನೋದಕ್ಕೇ."

ವಿತೋಮಿರ್ ಉಸ್ಸೆಂದು, ಬಾಟಲಿಯ ಚೀಟಿಯೊಂದರ ಹಿಂದೆ ಬರೆದು ಸಹಿ ಹಾಕಿದ. ಅಪ್ಪನ ಕಾಲದಿಂದ ಅವನ ಕಾರ್ಖಾನೆಯಲ್ಲಿ ಬರೆದ ಮೊದಲ ಕರಾರು ಅದು.

ಭಾನುವಾರ ಒಂಬತ್ತಕ್ಕೆ ರೂಜಿತ್ಸಾಳ ಮನೆ ಬಾಗಿಲು ಬಡಿದ ಸದ್ದು. ನೋಡಿದರೆ ವಿತೋಮಿರ್, ಅವನ ಹೆಂಡತಿ, ಮುಂದೆ ಅಜ್ಜಿ. ಅಜ್ಜಿಯ ಕೈಯಲ್ಲಿ ಬಟ್ಟೆ ಮುಚ್ಚಿದ ಬಿಸಿ ಬೋಗುಣಿ.

"ಕೆಲ್ಸಕ್ಕೆ ಕರೆಯೋಕಲ್ಲ ಮಗಳೇ, ನೆಂಟರಾಗಿ ಬಂದ್ವಿ. ಬರಿಗೈಲಿ ಬರ್ಬಾರ್ದಲ್ಲ... ಒಂದ್ ಚಮಚ ನೋಡು."

ರೂಜಿತ್ಸಾ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿದಳು, ಬೋಗುಣಿ ನೋಡಿದಳು. ಚಮಚ ಬಾಯಿಗಿಟ್ಟಳು.

"ಇನ್ನೂ ಅರ್ಧ ಗಂಟೆ ತಿರುವ್ಬೇಕು."

ವಿತೋಮಿರ್ ಆಗಲೇ ಫೋನಿನಲ್ಲಿ ಕೂಗುತ್ತಿದ್ದ: "ಇಳಿಸ್ಬೇಡ್ರೋ! ಇನ್ನೂ ಅರ್ಧ ಗಂಟೆ!"

ಅವನು ಮುಗಿಸುವವರೆಗೆ ಕಾದ ರೂಜಿತ್ಸಾ ಫೋನು ಕಿತ್ತುಕೊಂಡು, ಹೊಸ್ತಿಲಾಚೆ ಅವನು ಕಳಚಿಟ್ಟ ಬೂಟಿನೊಳಗೆ ಇಳಿಸಿದಳು.

"ಈಗ ಒಳಗೆ ಬನ್ನಿ ಧಣಿ. ಕಾಫಿಗಿಡ್ತೀನಿ."