ಬೀದಿಗೆ ಅಡ್ಡಲಾಗಿ ಒಂದು ಅಂಗಿ

ಚೆಲೋ ಎಂಬ ದೊಡ್ಡ ಪಿಟೀಲಿನ ತಂತಿಗಳನ್ನು ಬೆರಳಿನಿಂದ ಪಟಪಟ ಮೀಟುತ್ತಿದ್ದಂತೆ ಚರ್ಚಿನ ಎರಡನೇ ಸಾಲಿನಲ್ಲಿ ಯಾರೋ "ಅಯ್ಯೋ, ಇದೇನ್ರೇ ಇದು!" ಎಂದರು.

ಎಡ್ನಾಳ ಶವಪೆಟ್ಟಿಗೆಯ ಪಕ್ಕ ನಿಂತಿದ್ದ ಮೇಳದವರಿಗೆ ಅದು ಕೇಳಿಸಲಿಲ್ಲ. ಹಳ್ಳಿಗಾಡಿನ ಹಾಡುಗಳಿಗೆ ಪಿಟೀಲು, ಚೆಲೋ ಬೆರೆಸಿ ಲಂಡನ್ನಿನಲ್ಲಿ ನುಡಿಸುವವರು ಅವರು. ಎಡ್ನಾ ಹೇಳಿಕೊಟ್ಟ ಹಾಡಿನಿಂದಲೇ ಹೆಸರಾದವರು. ಅವರನ್ನು ಕರೆಸಿದ್ದು ಮಗಳು ಗ್ಲೆಂಡಾ. ತಾನು ಬದುಕಿರುವವರೆಗೆ ಆ ಹಾಡು ಕೇಳಕೂಡದೆಂದು ಅಮ್ಮ ಅವಳಿಂದ ಆಣೆ ಹಾಕಿಸಿಕೊಂಡಿದ್ದಳು. ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಮೀನು ಕೊಯ್ದು ಬದುಕಿದವಳ ನಾಚಿಕೆ ಅದು ಎಂದೇ ಗ್ಲೆಂಡಾ ತಿಳಿದಿದ್ದಳು.

"ನೂರಾರು ವರ್ಷ ಹಳೆಯ, ಬಟ್ಟೆ ಒಗೆಯುವ ಹೆಂಗಸರ ಖುಷಿಯ ಹಾಡು," ಎಂದಿದ್ದ ಪಿಟೀಲಿನ ಜೂಲಿಯನ್. ಹಾಡುವ ಹುಡುಗಿ ನಗುನಗುತ್ತಾ ಎತ್ತಿಕೊಂಡಳು:

ಅಣ್ಣನ ಹಡಗು ಹೊರಟ ದಿನವೇ
ಅಣ್ಣನ ಅಂಗಿ ಒಗೆದೆ,
ಅತ್ತಿಗೆ ಮಲಗಿರೆ ಅವಳ ಹಗ್ಗಕೆ
ನಾನೇ ಒಯ್ದು ಹಾಕಿದೆ.

ಸೋಪಿನ ಗುಳ್ಳೆಗಳಂತೆ ತಂತಿಗಳು ಚಿಮ್ಮಿದವು. ಇಡೀ ಚರ್ಚಿನ ಕುತ್ತಿಗೆ ಡೊರೀನಳತ್ತ ತಿರುಗಿತು.

ಎಡ್ನಾಳ ಅಣ್ಣ ಸಿಡ್‌ನ ವಿಧವೆ ಅವಳು. ಸಿಡ್ ಮುಳುಗಿದ್ದು ಹೆಂಡತಿಯಿಂದ ಎಂದು ಈ ಬೀದಿ ಎಂದೋ ತೀರ್ಪು ಕೊಟ್ಟಿತ್ತು. ಅವನ ಮೀನು ಹಿಡಿಯುವ ಹಡಗು ಹೊರಟ ದಿನ ಡೊರೀನಳ ಹಗ್ಗದ ಮೇಲೆ ಒದ್ದೆ ಅಂಗಿ ಕಂಡಿತ್ತಲ್ಲ.

"ಹೊರಟ ದಿನ ಒಗೆದ್ರೆ ಹೋದೋನ್ನ ನೀರು ಕೊಚ್ಕೊಂಡು ಹೋಗುತ್ತೆ ಅಂತ ಕೂಸಿಗೂ ಗೊತ್ತು," ಮುದುಕಿ ವೀರಾ ಪಿಸುಗುಟ್ಟಿದಳು. "ಹಾಗಾದ್ರೆ ಒಗೆದಿದ್ದು... ಎಡ್ನಾನಾ?"

"ನಿಲ್ಸ್ರೋ!" ಡೊರೀನ್ ಎದ್ದಳು. ಶವಪೆಟ್ಟಿಗೆಯ ಹತ್ತಿರ ಹೋಗಿ, "ದಿನಾ ನನ್ ಮನೇಲಿ ಟೀ ಕುಡಿದ್ಯಲ್ಲೇ, ಎಡ್ನಾ," ಎಂದಳು. "ಒಂದಿನ, ಒಂದೇ ಒಂದಿನ ಬಾಯಿ ಬಿಡಬಾರ್ದಿತ್ತಾ?"

"ಅಜ್ಜಿ ಹಾಡು ಅಂತ ಎಡ್ನಾ ಅವರೇ ಹೇಳಿದ್ರು..." ಜೂಲಿಯನ್ ತೊದಲಿದ.

*

ಕೆಲವು ವರ್ಷಗಳ ಹಿಂದೆ ಜೂಲಿಯನ್ ರೆಕಾರ್ಡರ್ ಹಿಡಿದು ಎಡ್ನಾಳ ಅಡುಗೆಮನೆಗೆ ಬಂದಿದ್ದ ಮಧ್ಯಾಹ್ನ. ಮೊದಲು ಅವಳು ಮೀನು ಕೊಯ್ಯುವವರ ಹಾಡೊಂದನ್ನು ಹಾಡಿ, "ಇದು ನಾನೇ ಕಟ್ಟಿದ್ದಪ್ಪ" ಎಂದಳು. ಅವನು ಮೆಲ್ಲಗೆ ಯಂತ್ರ ಆರಿಸಿದ.

"ಚೆನ್ನಾಗಿದೆ. ಹಳೇದು ಯಾವುದಾದ್ರೂ ಇದ್ಯಾ?"

ಎಡ್ನಾ ಕಿಟಕಿಯಾಚೆಯ ಬಟ್ಟೆ ಹಗ್ಗಗಳನ್ನು ನೋಡಿದಳು. ಎದೆಯಲ್ಲಿ ಕೊಳೆಯುತ್ತಿದ್ದುದನ್ನು ಇನ್ನೊಬ್ಬರ ಹೆಸರಿನಲ್ಲಾದರೂ ಹೊರಗೆ ಹಾಕಬಹುದಿತ್ತು.

"ಇದೆ," ಎಂದಳು. "ನನ್ನಜ್ಜಿದು."

ಅವನು ಮತ್ತೆ ಗುಂಡಿ ಒತ್ತಿದ.

*

ಗ್ಲೆಂಡಾ ಚರ್ಚಿನ ಮೆಟ್ಟಿಲಿನ ಮೇಲೆ ಡೊರೀನಳ ತೋಳು ಹಿಡಿದಳು. "ಅತ್ತೆ, ನಂಗೆ ಗೊತ್ತಿರ್ಲಿಲ್ಲ, ದೇವ್ರಾಣೆ. ಅಮ್ಮನೇ ಮಾವನ್ನ..."

"ಮುಚ್ಚೇ ಬಾಯಿ! ಅಂಗಿ ಮುಳುಗಿಸುತ್ತಾ ಕಬ್ಬಿಣದ ಹಡಗ್ನ? ಮಂಜುಗಡ್ಡೆ ಸಮುದ್ರಕ್ಕೆ ಸಹಾಯಕ್ಕೆ ಕೂಗೋಕೆ ರೇಡಿಯೋದವನೊಬ್ಬನ್ನೂ ಕೊಡದೆ ಕಳಿಸಿದ್ರು ಮಾಲೀಕ್ರು. ಅವರ ಬಾಗಿಲಿಗೆ ಈ ಬೀದಿಯವಳು ಒಬ್ಬಳಾದ್ರೂ ಉಗಿದ್ಲಾ? ನನ್ ಬಾಗಿಲಿಗೆ ಉಗಿದ್ರು. ನಿಮ್ಮಮ್ಮ ತನ್ನೆದೆಗೆ ತಾನೇ ಉಗ್ಕೊಂಡು ಸತ್ಲು."

ತೋಳು ಕೊಡವಿಕೊಂಡು ಅವಳು ಹೊರಟುಹೋದಳು.

ಶವದ ಕಾರು ರೂಢಿಯಂತೆ, ಕೊನೆಯ ಸಲ ಮನೆಯ ಮುಂದೆ ಹಾದುಹೋಗಲು, ಎಡ್ನಾಳ ಬೀದಿಗೆ ಬಂತು. ಸೋಮವಾರ, ಬಟ್ಟೆ ಒಗೆಯುವ ದಿನ. ಆದರೂ ಮನೆಯಿಂದ ಮನೆಗೆ ಬೀದಿಗಡ್ಡವಾಗಿ ಕಟ್ಟಿದ ಹಗ್ಗಗಳೆಲ್ಲ ಬೋಳಾಗಿದ್ದವು. ಎಡ್ನಾ ಹೊರಡುವ ದಿನವಲ್ಲವೆ. ಡೊರೀನಳ ಹಗ್ಗದ ಮೇಲೆ ಮಾತ್ರ ಗಂಡಸರ ಬಿಳಿ ಅಂಗಿಯೊಂದು ತೊಟತೊಟ ಸೋರುತ್ತಿತ್ತು. ಒಂದು ತೋಳಿಗೆ ಕ್ಲಿಪ್ ಬಿದ್ದಿತ್ತು. ಇನ್ನೊಂದಕ್ಕೆ ಡೊರೀನಳ ಕೈ ಎಟುಕುತ್ತಿರಲಿಲ್ಲ.

ಕಾರು ನಿಂತಿತು. "ಅಪಶಕುನ! ತೆಗೆಸ್ರೋ ಅದನ್ನ!" ಹಿಂದಿನಿಂದ ವೀರಾ ಕಿರುಚಿದಳು.

ಗ್ಲೆಂಡಾ ಇಳಿದಳು. ಡೊರೀನ್ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದುಕೊಂಡು ಎರಡನೇ ತೋಳಿಗೆ ಹಾಕಿದಳು. ಆಮೇಲೆ ಗೋಡೆಗೆ ಒರಗಿಸಿದ್ದ ಗಳುವಿನಿಂದ ಹಗ್ಗವನ್ನು ಮೇಲಕ್ಕೆತ್ತಿ ಹಿಡಿದಳು. ಅಂಗಿಯ ಕೆಳಗೆ ಅಮ್ಮನ ಕಾರು ನಿಧಾನವಾಗಿ ಹಾದುಹೋಯಿತು, ಗಾಜಿನ ಮೇಲೆ ಹನಿಗಳನ್ನು ಹೊತ್ತುಕೊಂಡು.